ಮುಂಗಡ ಗುಂಡಿ

ಆ ಸಮಾಧಿ ತೋಟದಲ್ಲಿ ಯಾವ ಕಾಲದಲ್ಲೂ ಒಂದು ಗುಂಡಿ ಖಾಲಿ ಇರುತ್ತಿತ್ತು. ಆಳುದ್ದ, ಎದೆಮಟ್ಟ ಆಳ, ಮೇಲೆ ದಪ್ಪ ಹಲಗೆಗಳು, ಹಲಗೆ ಜರುಗದಂತೆ ಮೂಲೆಗೊಂದು ಕಲ್ಲು. ಯಾರೂ ಸತ್ತಿರುವುದಿಲ್ಲ, ಸಾಯುವವರ ಸುದ್ದಿಯೂ ಇರುವುದಿಲ್ಲ, ಗುಂಡಿ ಮಾತ್ರ ತಯಾರು. ಚರ್ಚಿನ ಸಭೆಯವರು ಅದನ್ನು ಮುಂಗಡ ಗುಂಡಿ ಅನ್ನುತ್ತಿದ್ದರು. ಅದರ ಪಕ್ಕ ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು, ಎಲ್ಲಿ ಕೇಳಿಸಿಕೊಂಡುಬಿಡುತ್ತದೋ ಅನ್ನುವ ಹಾಗೆ.

ತಪ್ಪು ನೆಲದ್ದು. ಮೇಲಿನ ಮೊಣಕಾಲುದ್ದ ಮಣ್ಣು ತೆಗೆದರೆ ಕೆಳಗೆ ಕಲ್ಲೂ ಅಲ್ಲದ ಮಣ್ಣೂ ಅಲ್ಲದ ಒಂದು ಗಟ್ಟಿ ಪದರ. ಹಾರೆ ಎತ್ತಿ ಹಾಕಿದರೆ ಹಾರೆಯೇ ಎಗರಿ ಅಂಗೈ ಜುಮ್ಮೆನ್ನುತ್ತದೆ. ಒಬ್ಬಾಳು ಅದನ್ನು ಒಡೆದು ತಳ ಮುಟ್ಟಿಸಲು ನಾಲ್ಕಾರು ದಿನ ಬೇಕು, ಹೆಣ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಒಬ್ಬರನ್ನು ಮಣ್ಣು ಮಾಡಿದ ಮರುದಿನವೇ ಮುಂದಿನ ಗುಂಡಿಗೆ ಗೆರೆ ಎಳೆಯುವುದು ಅಲ್ಲಿನ ಕೆಲಸದ ಕ್ರಮ. ಗೆರೆ ಎಳೆಯುವವನು ಗುದ್ದಲಿಯಣ್ಣ. ಅವನ ಅಪ್ಪನೂ ಅದನ್ನೇ ಮಾಡಿದ್ದ. ದೀಕ್ಷಾಸ್ನಾನದಲ್ಲಿ ಇಟ್ಟ ಒಳ್ಳೆಯ ಹೆಸರೊಂದು ಅವನಿಗೆ ಇದ್ದೇ ಇತ್ತು, ಆದರೆ ಪಾದ್ರಿಗಳನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ.

ಮನುಷ್ಯ ನಗೆಗಾರ. ಆದರೆ ಹೆಣ ಹೂಳುವವನು ನಕ್ಕರೆ ಜನಕ್ಕೆ ಭಯ, ನಗದಿದ್ದರೆ ಇನ್ನೂ ಭಯ. ದಾರಿಯಲ್ಲಿ ಸಿಕ್ಕ ಮುದುಕರನ್ನು ಹೇಗಿದ್ದೀರಿ ಎಂದು ಕೇಳಿದರೆ, "ಇನ್ನೂ ಇದ್ದೀನಪ್ಪ, ಅಳತೆ ತಗೋಬೇಡ" ಎಂಬ ಉತ್ತರ ಬರುತ್ತಿತ್ತು. ಕ್ಷೌರದಂಗಡಿಯಲ್ಲಾಗಲಿ ಬ್ರೆಡ್ಡಿನಂಗಡಿಯಲ್ಲಾಗಲಿ ಸಾಲಿನಲ್ಲಿ ಕಾಯುವ ಕಷ್ಟ ಅವನಿಗೆ ಇರಲಿಲ್ಲ. ಪಕ್ಕದಲ್ಲಿ ನಿಲ್ಲುವುದಕ್ಕಿಂತ ಮುಂದೆ ಕಳಿಸುವುದೇ ವಾಸಿ ಎಂದು ಜನರೇ ದಾರಿ ಬಿಡುತ್ತಿದ್ದರು. ಅವನು ಅದನ್ನೂ ಮನೆಗೆ ಬಂದು ಹೆಂಡತಿ ಮಗಳ ಮುಂದೆ ಹೇಳಿ ನಗಿಸುತ್ತಿದ್ದ.

ಮುಂಗಡ ಗುಂಡಿಯ ಮಾತು ಬಂದಾಗಲೂ ಅವನದು ಒಂದೇ ಉತ್ತರ. "ನಮ್ಮ ನಂಬಿಕೆ ಶುರುವಾಗಿದ್ದೇ ಕರ್ತ ಎದ್ದುಹೋದ ಒಂದು ಖಾಲಿ ಸಮಾಧಿಯಿಂದ. ಖಾಲಿ ಸಮಾಧಿ ಕಂಡ್ರೆ ಹೆದರ್ಕೊಳ್ಳೋರು ಬೇರೆಯವರು, ನಾವಲ್ಲ." ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಗುಂಡಿಯೊಳಗೆ ನಿಂತು ಮಣ್ಣು ಮೇಲಕ್ಕೆ ಎಸೆಯುತ್ತ ಎಸೆಯುತ್ತ ತಾನಾಗಿಯೇ ಹೊಳೆದದ್ದು. ಪಾದ್ರಿಗಳು ಒಮ್ಮೆ ಅದನ್ನು ಭಾನುವಾರದ ಪ್ರಸಂಗದಲ್ಲಿ ಬಳಸಿಕೊಂಡರು, ಯಾರ ಮಾತು ಎಂದು ಮಾತ್ರ ಹೇಳಲಿಲ್ಲ.

ಹೀಗಿದ್ದವನ ಮನೆಗೇ ಜ್ವರ ಬಂತು.

ಒಬ್ಬಳೇ ಮಗಳು. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುವ ಕೆಲಸ. ಮಡಿಕೆಯ ಅಂಚನ್ನು ಹೆಬ್ಬೆರಳ ಉಗುರಿನಿಂದ ತೀಡಿ ತೀಡಿ ಆ ಉಗುರು ಸವೆದು ಹೊಳೆಯುತ್ತಿತ್ತು. ಮೊದಲು ಗಂಟಲು ನೋವು ಅಂದಳು, ಆಮೇಲೆ ಮಂಡಿ ಊದಿತು, ಆಮೇಲೆ ಜ್ವರ ಇಳಿಯಲೇ ಇಲ್ಲ. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿ, ಜ್ವರ ಹೃದಯಕ್ಕೆ ಇಳಿದಿದೆ, ಇನ್ನು ಮೇಲೆ ಬಂದಾಗಲೆಲ್ಲ ಅಲ್ಲಿಗೇ ಪೆಟ್ಟು ಎಂದರು. ಸೂಜಿ ಬರೆದುಕೊಟ್ಟರು, ಮನೆಯಲ್ಲೇ ಮಲಗಿಸಿ ಎಂದರು. ಹಾಸಿಗೆಯಲ್ಲಿ ಬಿದ್ದ ಹುಡುಗಿ ಜ್ವರದ ಮಂಪರಿನಲ್ಲೂ ಹೊದಿಕೆಯ ಅಂಚನ್ನು ಮಡಿಸಿ ಉಗುರಿನಿಂದ ತೀಡುತ್ತಿದ್ದಳು.

ಅವನ ಹೆಂಡತಿ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಿದ್ದವಳು. ಯಾವ ಹಾಸಿಗೆಯ ದುಪ್ಪಟಿ ಹೇಗೆ ಬಂದರೆ ಏನರ್ಥ ಎಂದು ಅವಳಿಗೆ ಗೊತ್ತು. ಎರಡು ದಿನ ಬೆವರಿನ ವಾಸನೆ ಹೊತ್ತು ಬಂದ ದುಪ್ಪಟಿ ಮೂರನೆಯ ದಿನ ಇಡೀ ಹಾಸಿಗೆಯ ಜೊತೆ ಬಂದರೆ ರೋಗಿ ಹೋದ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಗಳ ದುಪ್ಪಟಿಯನ್ನು ಅವಳು ಮೂಸದೆಯೇ ನೀರಿಗೆ ಹಾಕುತ್ತಿದ್ದಳು.

ಆಗ ಅವಳ ಅಕ್ಕ, ಗುದ್ದಲಿಯಣ್ಣನಿಗೆ ಅತ್ತಿಗೆ, ಸಹಾಯಕ್ಕೆಂದು ಬಂದಳು. ಬಂದವಳು ಅಡುಗೆ ಮಾಡಿದಳು, ನೆಲ ಒರೆಸಿದಳು, ಹುಡುಗಿಗೆ ಗಂಜಿ ಕುಡಿಸಿದಳು. ಕೈ ಎಷ್ಟು ಒಳ್ಳೆಯದೋ ನಾಲಿಗೆ ಅಷ್ಟೇ ಹರಿತ. ಗುದ್ದಲಿಯಣ್ಣ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ, ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದಳು.

"ಅಲ್ಲೊಂದು ಬಾಯಿ ತೆರ್ಕೊಂಡು ಕೂತಿದೆಯಲ್ಲ, ಅದಕ್ಕೆ ತುತ್ತು ಬೇಕಲ್ಲ. ಯಾರ ಮನೆಯಿಂದ ಸಿಗತ್ತೆ ಅಂತ ಕಾಯ್ತಿದೆ. ತೋಡಿದವನ ಮನೆಗೇ ದಾರಿ ಹತ್ತಿರ."

ಅವನು ತನ್ನ ಖಾಲಿ ಸಮಾಧಿಯ ಮಾತು ಹೇಳಲು ಹೋದ. ಹೇಳದೆ ಮತ್ತೊಂದು ಚೊಂಬು ನೀರು ಕಾಲಿಗೆ ಸುರಿದುಕೊಂಡ. ಬೇರೆಯವರ ಮನೆಯ ಹೆಣದ ಮುಂದೆ ಸಲೀಸಾಗಿ ಬರುತ್ತಿದ್ದ ಮಾತು ಸ್ವಂತ ಮಗಳ ಕೆಮ್ಮು ಕೇಳಿಸುವಾಗ ಯಾಕೆ ಬರುತ್ತಿಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಮಾತು ಬೀದಿಗೆ ಬಿತ್ತು. ಎಲುಬಿಲ್ಲದ ನಾಲಿಗೆಗೆ ಏನು ಕಷ್ಟ? ಸಭೆಯ ಹಿರಿಯರಲ್ಲಿ ಗಡಿಯಾರ ರಿಪೇರಿ ಅಂಗಡಿಯವರೊಬ್ಬರು ಇದ್ದರು, ಜನ ಗಡಿಯಾರದ ಹಿರಿಯರು ಎನ್ನುತ್ತಿದ್ದರು. ಅವರು ಮನೆಗೇ ಬಂದು, ಮೂಢನಂಬಿಕೆ ಅಂತಲ್ಲ, ಆದರೂ ಒಂದು ಮನೆಯಲ್ಲಿ ಕಾಯಿಲೆ ಇರುವಾಗ ಗುಂಡಿ ತೆರೆದಿಡುವುದು ಸರಿ ಕಾಣುವುದಿಲ್ಲ ಎಂದು ಬುದ್ಧಿ ಹೇಳಿದರು. ಹುಡುಗಿಯ ಮೇಲಿನ ಮರುಕ ನಿಜವೇ. ಆದರೆ ಅವರ ಮನೆಯ ಒಳಕೋಣೆಯಲ್ಲಿ ಹಣ್ಣು ಹಣ್ಣು ಮುದುಕಿ ತಾಯಿ ಹಾಸಿಗೆ ಹಿಡಿದು ಮಲಗಿದ್ದದ್ದೂ, ಹಿರಿಯರಿಗೆ ತಾಯಿಯೆಂದರೆ ಪ್ರಾಣವೆಂಬುದೂ ಬೀದಿಗೆಲ್ಲ ಗೊತ್ತಿತ್ತು.

ಗುದ್ದಲಿಯಣ್ಣ ಸೋತದ್ದು ಅವರಿಗಲ್ಲ, ಹೆಂಡತಿಗೆ. ಅವಳು ಜಗಳ ಆಡಲಿಲ್ಲ. ಮಗಳ ಕಾಲ ಬಳಿ ಕೂತು, ತಲೆ ಎತ್ತದೆ, "ನಿಮ್ಮ ಕಾಲು ಹಿಡ್ಕೋತೀನಿ, ಮುಚ್ಚಿಬಿಡಿ" ಅಂದಳು. ಮದುವೆಯಾದ ಮೇಲೆ ಅವಳು ಏನನ್ನೂ ಹಾಗೆ ಬೇಡಿದವಳಲ್ಲ. ಅವನು ಸಂಜೆಯೊಳಗೆ ಹಲಗೆ ಸರಿಸಿ, ತಾನೇ ತೋಡಿ ಹಾಕಿದ್ದ ರಾಶಿಯನ್ನು ತಾನೇ ಒಳಗೆ ಎಳೆದ. ತೆಗೆಯಲು ನಾಲ್ಕಾರು ದಿನ ಹಿಡಿದದ್ದು ಮುಚ್ಚಲು ಒಂದು ಮಧ್ಯಾಹ್ನ ಸಾಕಾಯಿತು.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟಿತು.

ಡಾಕ್ಟರು ಎರಡು ದಿನ ಮೊದಲೇ ಔಷಧಿ ಬದಲಿಸಿದ್ದರು. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಜನ ಕಾಗೆಗೇ ಕೈ ಮುಗಿದರು. ಭಾನುವಾರದ ಆರಾಧನೆಯಲ್ಲಿ ಗಡಿಯಾರದ ಹಿರಿಯರು ಎದ್ದು ಸಾಕ್ಷಿ ಹೇಳಿದರು: ಕರ್ತನು ದೊಡ್ಡವನು, ಗುಂಡಿ ಮುಚ್ಚಿದ ಮರುದಿನವೇ ಮಗು ಎದ್ದು ಕೂತಿತು. ಆಮೆನ್ ಎಂದರು ಎಲ್ಲರೂ. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಮಗಳು ತಲೆ ತಗ್ಗಿಸಿದಳು. ಗುದ್ದಲಿಯಣ್ಣನಿಗೆ ಸ್ತೋತ್ರ ಹೇಳಲು ಬಾಯಿ ಬರಲಿಲ್ಲ. ಮಗಳು ಬದುಕಿದಳಲ್ಲ ಎಂಬ ಸಂತೋಷ ಎದೆ ತುಂಬ ಇತ್ತು, ಅದರ ಅಡಿಯಲ್ಲೇ ಒಂದು ಕಸಿವಿಸಿ. ದೇವರ ಮುಂದೆ ಊರಿದ ಮಂಡಿಯನ್ನು ಒಂದು ಹಳ್ಳದ ಮುಂದೆಯೂ ಊರಿಬಿಟ್ಟೆ ಎಂದು ಅನಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅವನ ಮನಸ್ಸಿನ ಯಾವುದೋ ಮೂಲೆ ಅತ್ತಿಗೆಯ ಮಾತನ್ನು ನಂಬತೊಡಗಿತ್ತು. ತೋಟದಲ್ಲಿ ಒಬ್ಬನೇ ಕಳೆ ಕೀಳುವಾಗ ಮುಚ್ಚಿದ ಜಾಗದ ಕಡೆ ಬೆನ್ನು ಹಾಕಲು ಹಿಂಜರಿಯುತ್ತಿದ್ದ.

ಮುಂಗಡ ಗುಂಡಿ ಇಲ್ಲದೆ ತಿಂಗಳುಗಳು ಕಳೆದವು. ಬಿಸಿಲು ಏರಿತು, ನೆಲ ಇನ್ನಷ್ಟು ಬಿಗಿಯಿತು. ಆಗ ಒಬ್ಬ ಗಾರೆ ಕೆಲಸದವನು ಮಾಳಿಗೆಯಿಂದ ಬಿದ್ದು ಸತ್ತ. ಮುಚ್ಚಿದ ಗುಂಡಿಯನ್ನೇ ಮತ್ತೆ ತೆರೆಯಲು ಗುದ್ದಲಿಯಣ್ಣನಿಗೆ ಧೈರ್ಯವಾಗಲಿಲ್ಲ, ಸುದ್ದಿ ಬಂದ ಗಳಿಗೆಯಿಂದ ಹೊಸ ಜಾಗದಲ್ಲಿ ತೋಡಿದ. ಹಾರೆ ಎಗರಿತು, ಅಂಗೈ ಒಡೆಯಿತು, ಸಭೆಯ ಕೆಲವರು ಬಂದು ಕೈ ಹಚ್ಚಿದರೂ ಅಭ್ಯಾಸವಿಲ್ಲದ ಕೈಗಳು, ಒಂದು ತಾಸಿಗೇ ಸುಸ್ತು. ಮೂರನೆಯ ದಿನದ ತನಕ ಹೆಣ ಮನೆಯಲ್ಲೇ ಇತ್ತು. ಐಸು ತಂದು ಸುರಿದರು, ಕರಗಿತು, ಮತ್ತೆ ತಂದರು. ಗಾರೆಯವನ ಹೆಂಡತಿ ಮುಖದ ಮೇಲೆ ನೊಣ ಕೂರದಂತೆ ಬೀಸುತ್ತ ಕೂತಿದ್ದಳು. ಮಕ್ಕಳನ್ನು ಪಕ್ಕದ ಬೀದಿಗೆ ಕಳಿಸಿದ್ದರು, ವಾಸನೆಗೆ. ಕೊನೆಗೆ ಹೊತ್ತುಕೊಂಡು ಬಂದಾಗ ಹೊತ್ತವರು ಮುಖ ತಿರುಗಿಸಿಕೊಂಡಿದ್ದರು. ಆ ಹೆಂಗಸು ಗುದ್ದಲಿಯಣ್ಣನನ್ನು ಬೈಯಲಿಲ್ಲ, ಶಪಿಸಲಿಲ್ಲ. ಅವನ ಒಡೆದ ಅಂಗೈ ನೋಡಿ, "ಪಾಪ, ಎಷ್ಟು ಕಷ್ಟಪಟ್ರಿ" ಅಂದಳು. ಬೈದಿದ್ದರೆ ಒಳ್ಳೆಯದಿತ್ತು.

ಅವತ್ತೇ ಅವನು ನಿರ್ಧಾರ ಮಾಡಿದ. ನನ್ನ ಭಯಕ್ಕೆ ಬೇರೆಯವರ ಗಂಡ ಕೊಳೆತ, ಇನ್ನು ಆಗಕೂಡದು. ಮನೆಯಲ್ಲಿ ಹೇಳಿದ. ಹೆಂಡತಿ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ತೋಡಿ. ನಿಮ್ಮ ಕೆಲಸ. ಆದ್ರೆ ಇವಳಿಗೇನಾದ್ರೂ ಆದ್ರೆ ನಾನು ನಿಮ್ಮ ಮುಖ ನೋಡಲ್ಲ. ಅಕ್ಕನ ಮನೆಗೆ ಹೊರಟುಹೋಗ್ತೀನಿ. ನಾನು ಸತ್ರೂ ಮಣ್ಣು ಹಾಕೋಕೆ ನೀವು ಬರ್ಬೇಡಿ."

ಅವಳು ಆಡಿದ್ದನ್ನು ಮಾಡುವವಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗೆರೆ ಎಳೆದ. ತಳ ಮುಟ್ಟಿ ಹಲಗೆ ಹೊದಿಸುವ ದಿನ ಮನೆಗೆ ಬಂದಾಗ ಮಗಳು ಕೆಲಸಕ್ಕೆ ಹೋಗದೆ ಗೋಡೆಗೆ ಒರಗಿ ಕೂತಿದ್ದಳು. ಮಂಡಿ ನೋಯ್ತಿದೆ ಅಂದಳು. ಕೈ ಮುಟ್ಟಿದರೆ ಕಾವಲಿಯಂತೆ ಸುಡುತ್ತಿತ್ತು.

ಈ ಸಲ ಬೀದಿಗೆ ಬೀದಿಯೇ ತಿರುಗಿಬಿತ್ತು. ಬ್ರೆಡ್ಡಿನಂಗಡಿಯಲ್ಲಿ ಯಾರೂ ಅವನಿಗೆ ದಾರಿ ಬಿಡಲಿಲ್ಲ, ಬೆನ್ನು ತಿರುಗಿಸಿ ನಿಂತರು. ಹೆತ್ತ ಮಗಳಿಗೆ ಗುಂಡಿ ತೋಡಿದ ತಂದೆ ಎಂದು ಒಬ್ಬಳು ಅವನಿಗೆ ಕೇಳುವಂತೆಯೇ ಹೇಳಿದಳು. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗುತ್ತದೆಯೇ? ಅತ್ತಿಗೆ ಮತ್ತೆ ಬಂದಳು, ಈ ಸಲ ಬೈಯಲೂ ಇಲ್ಲ. ಅವನ ತಟ್ಟೆಗೆ ಅನ್ನ ಹಾಕಿ ಅದನ್ನು ಕೈಗೆ ಕೊಡದೆ ನೆಲಕ್ಕಿಟ್ಟು ಹೋಗುತ್ತಿದ್ದಳು. ಹೆಂಡತಿ ಅವನೊಂದಿಗೆ ಮಾತು ಬಿಟ್ಟಳು. ಮಾತ್ರೆಯ ಹೊತ್ತಾಯಿತು, ಡಾಕ್ಟರು ಬಂದರು ಎಂಬುದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು.

ಡಾಕ್ಟರ ಮುಖವೂ ಸರಿಯಿರಲಿಲ್ಲ. ಔಷಧಿ ಅದೇ, ಸೂಜಿ ಅದೇ, ಆದರೆ ಎದೆಯ ಬಡಿತ ಅವರಿಗೆ ಇಷ್ಟವಾಗಲಿಲ್ಲ. ಈ ವಾರ ದಾಟಲಿ ನೋಡೋಣ ಎಂದರು. ಈ ಮಾತಿಗೆ ಏನರ್ಥ ಎಂದು ಬಟ್ಟೆ ಒಗೆಯುವವಳಿಗೂ ಗೊತ್ತಿತ್ತು, ಗುಂಡಿ ತೋಡುವವನಿಗೂ ಗೊತ್ತಿತ್ತು.

ಅವನು ಪಾದ್ರಿಗಳ ಬಳಿ ಹೋದ. ಅವರು ಒಳ್ಳೆಯವರು, ಆದರೆ ಎರಡು ದೋಣಿಯಲ್ಲಿ ಕಾಲಿಟ್ಟೇ ಆಯುಷ್ಯ ಕಳೆದವರು. ಗುಂಡಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂಬುದನ್ನು ಮೂರು ರೀತಿಯಲ್ಲಿ ವಿವರಿಸಿದರು. ಆಮೇಲೆ, ನಂಬಿಕೆಯಲ್ಲಿ ಬಲಹೀನರಾದವರಿಗೆ ನಾವು ಎಡವುಗಲ್ಲು ಆಗಬಾರದು, ಮನೆಯವರ ಸಮಾಧಾನಕ್ಕಾದರೂ ಮುಚ್ಚಬಹುದೇನೋ ಎಂದರು. ಅವನು ಅವರ ಮುಖವನ್ನೇ ನೋಡಿದ. ಗಾರೆಯವನ ಹೆಂಡತಿಯ ಸಮಾಧಾನ ಯಾರು ನೋಡುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಪ್ರಾರ್ಥನೆ ಮಾಡಿ ಅಯ್ಯ ಎಂದು ಹೇಳಿ ಬಂದ.

ಬರುವ ದಾರಿಯಲ್ಲೇ ಅವನ ಧೈರ್ಯ ಕುಸಿಯಿತು. ಎಷ್ಟೆಂದರೂ ತಂದೆ. ತನ್ನ ನಂಬಿಕೆಗೆ ಮಗಳನ್ನು ಪಣಕ್ಕಿಡಲು ತಾನು ಯಾರು? ಸರಿ ತಪ್ಪು ಆಮೇಲೆ ನೋಡಿಕೊಳ್ಳೋಣ, ದೇವರು ಕ್ಷಮಿಸುವವನು, ಮಗಳು ಹೋದರೆ ಹೋದಂತೆಯೇ. ಮನೆಗೆ ಬಂದವನೇ ಮೂಲೆಯ ಸಲಿಕೆ ತೆಗೆದುಕೊಂಡ. ಒಂದು ಮಧ್ಯಾಹ್ನದ ಕೆಲಸ. ಕೋಣೆ ದಾಟುವಾಗ ಮಗಳು ಕಣ್ಣು ತೆರೆದಳು. ಸಲಿಕೆ ನೋಡಿದಳು. ಯಾವ ಕೆಲಸಕ್ಕೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಅಪ್ಪಾ, ಮುಚ್ಚಬೇಡ."

ಅವನು ನಿಂತ. ನೀನು ಮಲಗಮ್ಮ, ಮಾತಾಡಬೇಡ ಅಂದ.

"ಹೋದ ಸಲ ನಾನು ಎದ್ದಾಗ ಎಲ್ಲರೂ ಆ ಗುಂಡಿ ಬಗ್ಗೇನೇ ಮಾತಾಡಿದ್ರು. ಈಗಲೂ ಮುಚ್ಚಿದ್ರೆ, ನಾನು ಇರೋಷ್ಟು ದಿನ ಅದು ನನ್ನ ಬಿಟ್ಟಿದೆ, ಅದಕ್ಕೇ ಇದ್ದೀನಿ ಅಂತ ಇರ್ಬೇಕು. ಅದರ ದಯೆಯಲ್ಲಿ ಬದುಕೋದು ನಂಗೆ ಬೇಡ." ಅವಳ ಕೈ ಹೊದಿಕೆಯ ಅಂಚನ್ನು ಹುಡುಕುತ್ತಿತ್ತು. "ನನ್ನ ಜೀವ ಯಾರ ಕೈಲಿದೆ ಅಂತ ನೀನೇ ಅಲ್ವಾ ಕಲಿಸಿದ್ದು."

"ಭಯ ಆಗಲ್ವೇನಮ್ಮ ನಿಂಗೆ?"

"ಆಗತ್ತೆ. ಸಾಯೋಕೆ ತುಂಬ ಭಯ ಆಗತ್ತೆ ಅಪ್ಪ. ಗುಂಡಿಗೆ ಭಯ ಇಲ್ಲ. ಎರಡೂ ಬೇರೆ ಬೇರೆ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋದಳು, ಪಾತ್ರೆಯೊಂದು ಬಿದ್ದ ಸದ್ದಾಯಿತು. ಅವನು ಸಲಿಕೆಯನ್ನು ಮೂಲೆಗಿಟ್ಟ. ಇಪ್ಪತ್ತು ವರ್ಷದ ಹುಡುಗಿ ಹೊತ್ತುಕೊಂಡ ಭಾರವನ್ನು ತಾನು ಇಳಿಸಿ ಓಡಿಹೋಗಲು ನೋಡಿದ್ದೆನಲ್ಲ ಎಂದು ಅವನು ಹಿತ್ತಿಲಿಗೆ ಹೋಗಿ ಅತ್ತ.

ಮರುದಿನ ಮಗಳ ಜ್ವರ ಇನ್ನೂ ಏರಿತ್ತು. ಅವನನ್ನು ಯಾರೂ ಕೋಣೆಯೊಳಗೆ ಇರಗೊಡಲಿಲ್ಲ. ಇದ್ದರೆ ಇರು, ಹೋದರೆ ಹೋಗು ಎಂಬಂತೆ ಅತ್ತಿಗೆ ಹೊರಗೆ ಪಡಸಾಲೆಯಲ್ಲಿ ಕೂತ ಅವನ ಸುತ್ತಲೇ ನೆಲ ಒರೆಸಿದಳು. ಕೊನೆಗೆ ಅವನು ಎದ್ದು ತೋಟಕ್ಕೆ ಹೋದ. ಮಾಡಲು ವಿಶೇಷ ಕೆಲಸವಿರಲಿಲ್ಲ. ಒಣಗಿದ ಹೂವು ಆರಿಸಿದ, ವಾಲಿದ ಶಿಲುಬೆಯೊಂದನ್ನು ನೆಟ್ಟಗೆ ಮಾಡಿದ, ಹಲಗೆಯ ಮೇಲೆ ಬಿದ್ದ ಎಲೆ ಗುಡಿಸಿದ. ಹಲಗೆಯ ಸಂದಿಯಲ್ಲಿ ಕೆಳಗಿನ ಕತ್ತಲೆ ಕಾಣುತ್ತಿತ್ತು. ಗಾಳಿಯಿರಲಿಲ್ಲ. ತೋಟದಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ, ಅಥವಾ ಅವನಿಗೆ ಕೇಳುತ್ತಿರಲಿಲ್ಲ.

ಆಗ ಚರ್ಚಿನ ಗಂಟೆ ಹೊಡೆಯಿತು. ಒಂದು ಪೆಟ್ಟು. ನಿಲುಗಡೆ. ಮತ್ತೊಂದು.

ಸಾವಿನ ಗಂಟೆ. ಯಾರೆಂದು ಗಂಟೆ ಹೇಳುವುದಿಲ್ಲ. ಹೇಳುವವರು ಆಮೇಲೆ ನಡೆದು ಬರುತ್ತಾರೆ. ಇಷ್ಟು ವರ್ಷ ಆ ಗಂಟೆ ಕೇಳಿದಾಗಲೆಲ್ಲ ಅವನು ಪೊರಕೆ ಕೆಳಗಿಟ್ಟು ಟೋಪಿ ತೆಗೆದು, ಸತ್ತವರಿಗೆ ವಿಶ್ರಾಂತಿ ಕೊಡು, ಎಬ್ಬಿಸುವ ದಿನ ಎಬ್ಬಿಸು ಎಂದು ಬೇಡಿ ಹಲಗೆ ಸರಿಸಲು ಶುರುಮಾಡುತ್ತಿದ್ದ. ಇವತ್ತು ಕಾಲು ಕಿತ್ತಿಡಲಾಗಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ಓಡಿಹೋಗಿ ತಿಳಿದುಕೊಳ್ಳಲೇ ಎನಿಸಿತು, ತಿಳಿಯುವುದು ಬೇಡವೇ ಬೇಡ ಎಂದೂ ಎನಿಸಿತು. ಅತ್ತಿಗೆ ಗೆದ್ದಳು, ಬೀದಿ ಗೆದ್ದಿತು, ಈ ಹಳ್ಳ ಗೆದ್ದಿತು. ಅವನು ಟೋಪಿ ತೆಗೆದ. ಯಾರೆಂದು ಗೊತ್ತಿಲ್ಲದೆಯೇ, ಅವಳೇ ಇರಬಹುದೆಂದು ಗೊತ್ತಿದ್ದೂ, ದಿನನಿತ್ಯದ ಅದೇ ಮಾತನ್ನು ಒಂದೊಂದಾಗಿ ಬಾಯಿಂದ ಎಳೆದು ಹೇಳಿದ. ಎಬ್ಬಿಸುವ ದಿನ ಎಬ್ಬಿಸು ಎನ್ನುವಾಗ ದನಿ ಒಡೆಯಿತು, ಆದರೂ ಬಿಡದೆ ಪೂರ್ತಿ ಹೇಳಿದ. ಆಮೇಲೆ ಬಗ್ಗಿ ಮೂಲೆಯ ಮೊದಲ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟ.

ಗೇಟಿನ ಕೊಂಡಿ ಸದ್ದಾಯಿತು. ತಲೆ ಎತ್ತಿದರೆ ಹೆಂಡತಿ.

ಓಡಿಬರುತ್ತಿದ್ದಳು. ತಲೆಗೂದಲು ಬಿಚ್ಚಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿತ್ತು. ಅವಳು ಬಂದ ರೀತಿ ನೋಡಿ ಅವನಿಗೆ ಎಲ್ಲ ಮುಗಿಯಿತು ಎನಿಸಿ ಹಲಗೆಯ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟ. ಅವಳು ಅವನ ಮುಂದೆ ಬಂದು ನಿಂತು ಉಸಿರು ಸಿಗದೆ ಎದೆ ಒತ್ತಿಕೊಂಡಳು.

"ನಮ್ಮವಳಲ್ಲ," ಅಂದಳು. "ನಮ್ಮವಳಲ್ಲ ಕಣ್ರೀ. ಗಂಟೆ ಕೇಳಿದ ಕೂಡ್ಲೇ ನೀವು ಇಲ್ಲಿ ಒಬ್ರೇ ಇದ್ದೀರಿ ಅಂತ ಓಡಿಬಂದೆ."

ಇಷ್ಟು ದಿನ ಗೋಡೆಯೊಂದಿಗೆ ಮಾತಾಡಿದವಳು. ಅವನು ಅವಳ ಸೆರಗಿನ ತುದಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅವಳೂ ಅತ್ತಳು, ನಡುವೆ ನಕ್ಕಳು. ನಕ್ಕವಳು ಥಟ್ಟನೆ ಬಾಯಿಗೆ ಕೈ ಅಡ್ಡ ಇಟ್ಟಳು. ಗಂಟೆ ಇನ್ನೂ ಹೊಡೆಯುತ್ತಿತ್ತು, ಯಾರ ಮನೆಯಲ್ಲೋ ಯಾರೋ ಹೋಗಿದ್ದರು.

ಯಾರ ಮನೆ ಎಂದು ತಿಳಿಯಲು ತಡವಾಗಲಿಲ್ಲ. ಗಡಿಯಾರದ ಹಿರಿಯರು ತಾವೇ ನಡೆದುಬಂದರು, ಅಂಗಡಿಯ ಅಂಗಿಯಲ್ಲೇ. ಗೇಟಿನಿಂದ ಹಲಗೆಯ ತನಕದ ದಾರಿ ಅವರಿಗೆ ಬಹಳ ದೂರವಾದಂತಿತ್ತು. ಬಂದು ಗಂಡ ಹೆಂಡತಿ ಇಬ್ಬರನ್ನೂ ನೋಡಿದರು, ನೆಲ ನೋಡಿದರು.

"ಅಮ್ಮ ಹೋಗ್ಬಿಟ್ಟಳು," ಅಂದರು. "ಗುಂಡಿ... ಇದೆಯಲ್ಲ?"

ಹಲಗೆ ಅವರ ಕಾಲ ಬುಡದಲ್ಲೇ ಇತ್ತು. ಆ ಕ್ಷಣದಲ್ಲಿ ಆಡಬಹುದಾದ ಮಾತುಗಳು ಹತ್ತು ಇದ್ದವು, ಒಂದಕ್ಕಿಂತ ಒಂದು ಮೊನಚು. ಅವನ ಹೆಂಡತಿಗೆ ಒಂದೆರಡು ಹೊಳೆದೂ ಇರಬೇಕು, ತುಟಿ ಅದುರಿತು. ಆದರೆ ಎದುರಿಗೆ ನಿಂತಿದ್ದ ಎಪ್ಪತ್ತು ಮುಟ್ಟಿದ ಮನುಷ್ಯ ಅಮ್ಮನನ್ನು ಕಳೆದುಕೊಂಡ ಮಗನಾಗಿದ್ದ.

"ಇದೆ ಹಿರಿಯರೇ," ಅಂದ ಗುದ್ದಲಿಯಣ್ಣ. "ಅಮ್ಮ ಕಾಯ್ಬೇಕಾಗಿಲ್ಲ."

ಹಿರಿಯರು ಅಲ್ಲಿಯೇ ಅತ್ತರು. ಅತ್ತು ಮುಗಿಸಿ ಏನೋ ಹೇಳಲು ಬಾಯಿ ತೆರೆದರು, ಅವನು ಬೇಡವೆಂದು ಕೈ ಮಾಡಿದ. ಅವರು ಹೋದ ಮೇಲೆ ಗಂಡ ಹೆಂಡತಿ ಸೇರಿ ಹಲಗೆಗಳನ್ನು ಎತ್ತಿ ಪಕ್ಕಕ್ಕೆ ಜೋಡಿಸಿದರು. ಅವಳು ಅಂಚಿನಲ್ಲಿ ನಿಂತು ಮೊದಲ ಸಲ ಅದರೊಳಗೆ ಇಣುಕಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಗುದ್ದಲಿಯ ಗೆರೆ ಬಿದ್ದ ಮಣ್ಣಿನ ಗೋಡೆ, ತಳದಲ್ಲಿ ನಾಲ್ಕು ಒಣ ಎಲೆ.

ಸಂಜೆಗೆ ಮುದುಕಿಯನ್ನು ಮಣ್ಣು ಮಾಡಿದರು. ಅವನು ಮನೆಗೆ ಬಂದು ಕೈಕಾಲು ತೊಳೆದು ಮಗಳ ಕೋಣೆಗೆ ಹೋದ. ಅತ್ತಿಗೆ ಜಾಗ ಬಿಟ್ಟಳು. ಜ್ವರ ಇಳಿದಿರಲಿಲ್ಲ. ಡಾಕ್ಟರು ಹೇಳಿದ ವಾರ ಇನ್ನೂ ಅರ್ಧ ಉಳಿದಿತ್ತು, ಹುಡುಗಿಯ ಕುತ್ತಿಗೆಯ ನರ ಬೇಗ ಬೇಗ ಹೊಡೆದುಕೊಳ್ಳುತ್ತಿತ್ತು. ಹೆಂಡತಿ ಒದ್ದೆ ಬಟ್ಟೆ ಹಿಂಡಿ ಮಗಳ ಹಣೆಗೆ ಹಾಕುತ್ತಿದ್ದಳು. ಮರುದಿನ ಏನು ಕೆಲಸ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಆ ಮಾತು ಎತ್ತಲು ಅಂಜಿ ಗೋಡೆಗೆ ಒರಗಿ ಕೂತ.

ಅವಳು ಬಟ್ಟೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿದಳು.

"ಬೆಳಿಗ್ಗೆ ಹೋಗಿ ಮುಂದಿನದು ತೋಡಿ," ಅಂದಳು, ಅವನ ಮುಖ ನೋಡಿಯೇ. "ನಾನು ಇವಳ ಹತ್ರ ಇರ್ತೀನಿ."